ಶಾಂಪೇನ್ ದುಡ್ಡು, ಹಕ್ಕಲು ಆಯುವ ಹೆಂಗಸರು

(ಚಿತ್ರಕಲೆಯಲ್ಲಿ ಆಸಕ್ತಿ ಇರುವ ಗೆಳೆಯರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಮಾತಿನ ಧಾಟಿ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

1889ರಲ್ಲಿ ಒಂದು ಹರಾಜಿನಲ್ಲಿ ಒಂದು ಚಿತ್ರ ಮೂರು ಲಕ್ಷ ಫ್ರಾಂಕಿಗೆ ಹೋಯಿತು. ಕೊಂಡವರ ಹೆಸರು ಹೊರಗೆ ಬರಲಿಲ್ಲ. ಅಮೆರಿಕದವರೇ ಇರಬೇಕು ಅಂತ ಎಲ್ಲರೂ ಅಂದುಕೊಂಡರು. ಆ ಕಾಲದಲ್ಲಿ ಫ್ರೆಂಚ್ ಚಿತ್ರಗಳಿಗೆ ಹಾಗೆ ದುಡ್ಡು ಸುರಿಯುತ್ತಿದ್ದವರು ಅವರೇ ತಾನೆ? ಕೆಲವು ದಿನ ಕಳೆದ ಮೇಲೆ ಗುಟ್ಟು ರಟ್ಟಾಯಿತು. ಕೊಂಡವರು ಫ್ರಾನ್ಸಿನದೇ ರೀಮ್ಸ್ ಊರಿನ ಎಪ್ಪತ್ತು ವರ್ಷದ ಒಬ್ಬ ವಿಧವೆ. ಶಾಂಪೇನ್ ಮಾಡಿ ಮಾರುತ್ತಿದ್ದ ಮದಾಂ ಲೂಯಿಸ್ ಪೊಮ್ಮರಿ.

ಆ ಚಿತ್ರ ಜ್ಯಾನ್ ಫ್ರಾನ್ಸ್ವಾ ಮಿಲೆ 1857ರಲ್ಲಿ ಬರೆದ 'ಹಕ್ಕಲು ಆಯುವವರು'. ಹಕ್ಕಲು ಅಂದರೆ ಕೊಯ್ಲಾದ ಮೇಲೆ ಹೊಲದಲ್ಲಿ ಉದುರಿ ಉಳಿದ ತೆನೆ. ನೀವು ಎಲ್ಲೋ ಒಂದು ಕಡೆ ನೋಡಿಯೇ ಇರುತ್ತೀರಿ. ಕೊಯ್ಲು ಮುಗಿದ ಹೊಲ, ಮೂವರು ಹೆಂಗಸರು. ಇಬ್ಬರು ನಡು ಬಗ್ಗಿಸಿ ನೆಲಕ್ಕೆ ಕೈ ಚಾಚಿದ್ದಾರೆ. ಅವರಲ್ಲಿ ಒಬ್ಬಳು ಇನ್ನೊಂದು ಕೈಯನ್ನು ಬೆನ್ನ ಮೇಲೆ ಇಟ್ಟುಕೊಂಡಿದ್ದಾಳೆ, ಆ ಕೈಯಲ್ಲಿ ಆಗಲೇ ಆಯ್ದ ತೆನೆಗಳಿವೆ. ಮೂರನೆಯವಳು ಅರ್ಧ ಬಗ್ಗಿದ್ದಾಳೆ. ಬಗ್ಗಲು ಹೊರಟಿದ್ದಾಳೋ ಏಳುತ್ತಿದ್ದಾಳೋ ಹೇಳುವುದು ಕಷ್ಟ. ದೂರದಲ್ಲಿ, ಒಳ್ಳೆ ಬಿಸಿಲಲ್ಲಿ, ದೊಡ್ಡ ದೊಡ್ಡ ಬಣವೆಗಳು, ತುಂಬಿದ ಗಾಡಿ, ಕೆಲಸದವರ ಗುಂಪು. ಬಲಗಡೆ ಕುದುರೆ ಮೇಲೆ ಒಬ್ಬ ಮೇಸ್ತ್ರಿ, ನೋಡದಿದ್ದರೆ ತಪ್ಪಿಹೋಗುವಷ್ಟು ಚಿಕ್ಕವನು. ಬೆಳೆಯೆಲ್ಲಾ ಅಲ್ಲಿದೆ. ಈ ಮೂವರ ಪಾಲಿಗೆ ಒಂದೊಂದು ಹಿಡಿ.

ಫ್ರಾನ್ಸಿನಲ್ಲಿ ಹಕ್ಕಲು ಆಯುವುದು ಕಳ್ಳತನ ಆಗಿರಲಿಲ್ಲ, ಅದು ಬಡವರ ಹಕ್ಕು. 1554ರಷ್ಟು ಹಿಂದೆಯೇ ಅದಕ್ಕೆ ರಾಜಾಜ್ಞೆ ಇತ್ತು. ಆದರೆ ಮಾಲೀಕ ತನ್ನ ಬೆಳೆ ಸಾಗಿಸಿದ ಮೇಲೆ, ಹಗಲು ಹೊತ್ತಿನಲ್ಲಿ ಮಾತ್ರ. ಮಿಲೆ ನಾರ್ಮಂಡಿಯ ರೈತರ ಮನೆಯವನು. ಇದನ್ನೆಲ್ಲಾ ನೋಡಿಯೇ ಬೆಳೆದವನು. ಪ್ಯಾರಿಸಿನ ಪ್ರದರ್ಶನದಲ್ಲಿ ಚಿತ್ರ ಇಟ್ಟಾಗ ದೊಡ್ಡ ಮನೆಯವರಿಗೆ ಮೈ ಉರಿಯಿತು. 1848ರ ಕ್ರಾಂತಿ ಮುಗಿದು ಇನ್ನೂ ಹತ್ತು ವರ್ಷ ಆಗಿರಲಿಲ್ಲ. ಬಡವರನ್ನು ಇಷ್ಟು ದೊಡ್ಡದಾಗಿ, ಇಷ್ಟು ಗಂಭೀರವಾಗಿ ಬರೆದರೆ ಹೇಗೆ? ಈ ಮೂವರ ಬೆನ್ನ ಹಿಂದೆ ಹಿಂದಿನ ದೊಡ್ಡ ಕ್ರಾಂತಿಯಲ್ಲಿ ತಲೆ ಕಡಿಯುತ್ತಿದ್ದ 1793ರ ವಧೆಯ ಕಟ್ಟೆ ಕಾಣುತ್ತದೆ ಅಂತಲೇ ಒಬ್ಬ ವಿಮರ್ಶಕ ಬರೆದ. ಮಿಲೆ ನಾಲ್ಕು ಸಾವಿರ ಫ್ರಾಂಕ್ ಕೇಳಿದ, ಚೌಕಾಸಿಯಲ್ಲಿ ಮೂರು ಸಾವಿರಕ್ಕೆ ಇಳಿದ. ಅಷ್ಟು ಕಡಿಮೆಗೆ ಕೊಟ್ಟೆ ಅನ್ನುವುದು ಯಾರಿಗೂ ಗೊತ್ತಾಗದಿರಲಿ ಅಂತ ಒದ್ದಾಡಿದ. 1875ರಲ್ಲಿ ತೀರಿಕೊಂಡ.

ಅಂದರೆ ಬರೆದವನಿಗೆ ಮೂರು ಸಾವಿರ, ಮೂವತ್ತೆರಡು ವರ್ಷದ ನಂತರ ಮಾರಿದವನಿಗೆ ಮೂರು ಲಕ್ಷ. ನೂರು ಪಟ್ಟು. ಈ ಲೆಕ್ಕ ಸದ್ಯಕ್ಕೆ ಪಕ್ಕಕ್ಕಿಡೋಣ, ಕೊಂಡವರ ಕಡೆ ಬರೋಣ.

ಲೂಯಿಸ್ ಹುಟ್ಟಿದ್ದು 1819ರಲ್ಲಿ, ಆರ್ದೆನ್ ಪ್ರದೇಶದ ಆನೆಲ್ ಅನ್ನುವ ಸಣ್ಣ ಊರಲ್ಲಿ. ಓದಿನ ಒಂದಷ್ಟು ಭಾಗ ಇಂಗ್ಲೆಂಡಿನಲ್ಲಿ ಆಯಿತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ. ಮದುವೆಯಾದದ್ದು ಅಲೆಕ್ಸಾಂಡರ್ ಪೊಮ್ಮರಿಯನ್ನು. ಅವನದು ಉಣ್ಣೆ ವ್ಯಾಪಾರ. ರೀಮ್ಸ್ ಆಗ ಉಣ್ಣೆಯ ಊರು. ಆ ಕಸುಬಿನಲ್ಲಿ ಅವನು ಚೆನ್ನಾಗಿಯೇ ದುಡ್ಡು ಮಾಡಿದ. ಎಷ್ಟೋ ವರ್ಷದ ಮೇಲೆ ಎರಡನೇ ಮಗು ಹುಟ್ಟಿತು, ಸಂಸಾರ ಬೆಳೆಯಿತು. ಅವನು 1856ರಲ್ಲಿ ನಾರ್ಸಿಸ್ ಗ್ರೆನೋ ಅನ್ನುವವನ ಜೊತೆ ವೈನ್ ವ್ಯಾಪಾರಕ್ಕೆ ಕೈ ಹಾಕಿದ. ಎರಡು ವರ್ಷಕ್ಕೆ ತೀರಿಕೊಂಡ. ಲೂಯಿಸ್‌ಗೆ ಆಗ ನಲವತ್ತು ತುಂಬಿರಲಿಲ್ಲ. ಒಬ್ಬ ಹದಿಹರೆಯದ ಮಗ, ಒಂದು ಕೈಗೂಸು, ಈಗಷ್ಟೇ ಶುರುವಾದ ವ್ಯಾಪಾರ.

ಶಾಂಪೇನ್ ಚರಿತ್ರೆಯಲ್ಲಿ ವಿಧವೆಯರು ಜಾಸ್ತಿ. ಕ್ಲಿಕೋ, ಪೊಮ್ಮರಿ, ಲೋರಾಂ-ಪೆರಿಯೆ, ಬೊಲ್ಲಿಂಜೆ, ಹೀಗೆ ಸಾಲು ಸಾಲು. ಆ ಸೀಮೆಯ ಹೆಂಗಸರಲ್ಲಿ ಏನೋ ವಿಶೇಷ ಇದೆ ಅಂತ ಕೆಲವರು ಬರೆಯುತ್ತಾರೆ. ನನಗೆ ಅದು ಅಷ್ಟು ಒಪ್ಪಿಗೆ ಆಗುವುದಿಲ್ಲ. ಕಾರಣ ಕಾನೂನಿನಲ್ಲಿದೆ. ನೆಪೋಲಿಯನ್ 1804ರಲ್ಲಿ ತಂದ ಸಂಹಿತೆಯ ಪ್ರಕಾರ ಮದುವೆಯಾದ ಹೆಂಗಸು ಗಂಡನ ಒಪ್ಪಿಗೆ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ, ಆಸ್ತಿ ಮಾರುವಂತಿಲ್ಲ. ಗಂಡ ಸತ್ತರೆ ಮಾತ್ರ ಅವಳ ಸಹಿಗೆ ಬೆಲೆ. ಸಾಮರ್ಥ್ಯ ಇದ್ದ ಹೆಂಗಸರು ಗಂಡ ಇದ್ದಾಗಲೂ ಇದ್ದರು. ಅವರ ಹೆಸರು ಲೇಬಲ್ ಮೇಲೆ ಬರಲಿಲ್ಲ, ಅಷ್ಟೇ.

ಮದಾಂ ಪೊಮ್ಮರಿ ಮೊದಲು ಮಾಡಿದ ದೊಡ್ಡ ಕೆಲಸ ದಾರಿ ಬದಲಿಸಿದ್ದು. ಆ ಅಂಗಡಿ ಅಲ್ಲಿಯವರೆಗೆ ಹೆಚ್ಚಾಗಿ ಕೆಂಪು ವೈನ್ ಮಾರುತ್ತಿತ್ತು. ಆಕೆ ಗುಳ್ಳೆ ಬರುವ ವೈನ್, ಅಂದರೆ ಶಾಂಪೇನ್, ಕೈಗೆತ್ತಿಕೊಂಡರು. ಲಂಡನ್ನನ್ನು ಗುರಿ ಮಾಡಿಕೊಂಡರು. ಅಲ್ಲಿ ಅಡಾಲ್ಫ್ ಹ್ಯುಬಿನೆ ಅನ್ನುವ ಚುರುಕು ಏಜೆಂಟ್ ಸಿಕ್ಕಿದ. ಆಫೀಸಿನಲ್ಲಿ ಆರಿ ವಾನಿಯೆ ಅನ್ನುವ ಯುವಕ ಬಲಗೈ ಆದ. ಈ ವಾನಿಯೆಯ ಕಥೆ ಆಮೇಲೆ ಮತ್ತೆ ಬರುತ್ತದೆ.

ಇಲ್ಲಿ ಕುಡಿಯದವರೂ ಇದ್ದೀರಿ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಶಾಂಪೇನ್ ಬಾಟಲಿಯ ಒಳಗೇ ಎರಡನೇ ಸಲ ಹುಳಿಯುತ್ತದೆ, ಗುಳ್ಳೆ ಬರುವುದು ಅದರಿಂದ. ಸತ್ತ ಯೀಸ್ಟಿನ ಗಷ್ಟು ಒಳಗೇ ಉಳಿಯುತ್ತದೆ. ಬಾಟಲಿಯನ್ನು ದಿನಾ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ತಲೆಕೆಳಗು ಮಾಡುತ್ತಾರೆ. ಗಷ್ಟು ಕತ್ತಿಗೆ ಇಳಿಯುತ್ತದೆ. ಆಮೇಲೆ ಬಿರಡೆ ತೆಗೆದರೆ ಒತ್ತಡಕ್ಕೆ ಗಷ್ಟು ಚಿಮ್ಮಿ ಹೊರಗೆ ಹೋಗುತ್ತದೆ. ಖಾಲಿಯಾದ ಜಾಗಕ್ಕೆ ವೈನ್ ಮತ್ತು ಸಕ್ಕರೆ ಪಾಕ ತುಂಬಿ ಮತ್ತೆ ಬಿರಡೆ ಹಾಕುತ್ತಾರೆ. ಎಷ್ಟು ಸಿಹಿ ಅನ್ನುವುದು ತೀರ್ಮಾನ ಆಗುವುದು ಈ ಕೊನೇ ಗಳಿಗೆಯಲ್ಲಿ.

ಆ ಕಾಲದ ಶಾಂಪೇನ್ ಬಾಯಿಗಿಟ್ಟರೆ ನಮಗೆ ಪಾನಕ ಅನಿಸುತ್ತಿತ್ತೋ ಏನೋ. ಲೀಟರಿಗೆ ನೂರು, ನೂರೈವತ್ತು ಗ್ರಾಂ ಸಕ್ಕರೆ ಮಾಮೂಲು. ರಷ್ಯಾಕ್ಕೆ ಹೋಗುತ್ತಿದ್ದ ಬಾಟಲಿಗಳಲ್ಲಿ 200 ಗ್ರಾಂ ದಾಟುತ್ತಿತ್ತು. ಇವತ್ತು 'ಬ್ರೂಟ್', ಅಂದರೆ ಸಿಹಿ ಕಡಿಮೆ ಇರುವ ಶಾಂಪೇನ್, ಅಂತ ಲೇಬಲ್ ಹಾಕಬೇಕಾದರೆ ಲೀಟರಿಗೆ 12 ಗ್ರಾಮಿಗಿಂತ ಕಡಿಮೆ ಇರಬೇಕು. ಅಂತರ ನೋಡಿ. ಇಂಗ್ಲಿಷರಿಗೆ ಅಷ್ಟು ಸಿಹಿ ಬೇಕಿರಲಿಲ್ಲ. ಊಟ ಆದ ಮೇಲೆ ಕುಡಿಯಲು ಪೋರ್ಟ್, ಮಡೀರಾ ಅಂತ ಸಿಹಿ ವೈನುಗಳು ಅವರ ಹತ್ತಿರ ಬೇಕಾದಷ್ಟಿದ್ದವು. ಊಟದ ಜೊತೆ ಹೊಂದುವಂಥದ್ದು ಬೇಕಿತ್ತು. ಇಂಗ್ಲೆಂಡಿನಲ್ಲಿ ಓದಿದ ಹೆಂಗಸಿಗೆ ಇದು ಅರ್ಥವಾಗಿದ್ದರಲ್ಲಿ ಆಶ್ಚರ್ಯ ಇಲ್ಲ.

ಹಾಗಾದರೆ ಸಕ್ಕರೆ ಕಡಿಮೆ ಹಾಕಿದರೆ ಮುಗೀತಲ್ವಾ? ಇಲ್ಲ. ಪೆರಿಯೆ-ಜುವೆ ಅನ್ನುವ ಶಾಂಪೇನ್ ಮನೆಯವರ (ಶಾಂಪೇನ್ ಮಾಡಿ ಮಾರುವ ಸಂಸ್ಥೆಗಳಿಗೆ 'ಮನೆ' ಅಂತಲೇ ಹೇಳುತ್ತಾರೆ) 1846ರ ವೈನನ್ನು ಸಕ್ಕರೆ ಹಾಕದೆ ಲಂಡನ್ನಿಗೆ ಕಳಿಸಿ ನೋಡಿದ್ದರು, ನಡೆಯಲಿಲ್ಲ. ಪುಡಿ ಸರಿ ಇಲ್ಲದ ಕಾಫಿಗೆ ಸಕ್ಕರೆ ಜಾಸ್ತಿ ಹಾಕಿ ಕೊಡುವ ಹೋಟೆಲಿನವನ ಹಾಗೆ, ಶಾಂಪೇನ್ ಮನೆಗಳೂ ಸಕ್ಕರೆಯಲ್ಲಿ ಐಬು ಮುಚ್ಚುತ್ತಿದ್ದವು. ಸಕ್ಕರೆ ತೆಗೆದರೆ ಕಾಯಿ ದ್ರಾಕ್ಷಿಯ ಹುಳಿಯೆಲ್ಲಾ ನಾಲಿಗೆಗೆ ಬರುತ್ತದೆ. ಅಂದರೆ ಹಣ್ಣು ಚೆನ್ನಾಗಿ ಮಾಗುವವರೆಗೆ ಬಳ್ಳಿಯಲ್ಲೇ ಬಿಡಬೇಕು. ಮಳೆ ಬಂದರೆ, ಕೊಳೆತರೆ, ನಷ್ಟ ಯಾರದು? ಬಾಟಲಿಯನ್ನು ನೆಲಮಾಳಿಗೆಯಲ್ಲಿ ಜಾಸ್ತಿ ವರ್ಷ ಇಡಬೇಕು. ಅಷ್ಟು ದಿನ ದುಡ್ಡು ಅಲ್ಲೇ ಮಲಗಿರುತ್ತದೆ. ಆಕೆಯ ಕಡೆಯವರಿಗೇ ಇದು ಹುಚ್ಚು ಅನಿಸಿದ್ದರೆ ತಪ್ಪೇನಿಲ್ಲ. ಆದರೂ ಹಲವು ವರ್ಷ ಪ್ರಯೋಗ ನಡೆಯಿತು. 1874ರಲ್ಲಿ ಬೆಳೆ ಅದ್ಭುತವಾಗಿ ಬಂತು. ಆ ವರ್ಷದ ದ್ರಾಕ್ಷಿಯಿಂದ ಮಾಡಿದ 'ಪೊಮ್ಮರಿ ನ್ಯಾಚರ್' ಲಂಡನ್ನಿನಲ್ಲಿ ಗೆದ್ದುಬಿಟ್ಟಿತು. ಇವತ್ತು ಜಗತ್ತಿನಲ್ಲಿ ಮಾರಾಟವಾಗುವ ಶಾಂಪೇನ್ ಬಹುತೇಕ ಆ ದಾರಿಯದ್ದೇ.

ಇದರ ಜೊತೆಜೊತೆಗೇ ಆಕೆ ನೆಲದ ಕೆಳಗೂ ದುಡ್ಡು ಹಾಕುತ್ತಿದ್ದರು. ರೀಮ್ಸ್ ಊರಿನ ಅಂಚಿನಲ್ಲಿ ಸಂತ ನಿಕೇಸ್ ಗುಡ್ಡ ಇದೆ. ರೋಮನ್ನರ ಕಾಲದಲ್ಲಿ ಊರು ಕಟ್ಟಲು ಸೀಮೆಸುಣ್ಣದ ಕಲ್ಲನ್ನು ಅಲ್ಲಿಂದಲೇ ಕಡಿದಿದ್ದರು. ಮೇಲೆ ಬಾಯಿ ಸಣ್ಣದು, ಕೆಳಗೆ ಹೋದ ಹಾಗೆ ಅಗಲ, ಆ ಥರದ ಗುಂಡಿಗಳು. ಸುಮಾರು 120 ಗುಂಡಿಗಳು, ಮೂವತ್ತು ಮೀಟರ್ ಆಳ. ಊರಿನವರಿಗೆ ಅದು ಉಪಯೋಗಕ್ಕೆ ಬಾರದ ಜಾಗ. ಆಕೆಗೆ ಕಂಡದ್ದು ಬೇರೆ. ಆ ಆಳದಲ್ಲಿ ಬೇಸಿಗೆ ಚಳಿಗಾಲ ಅನ್ನದೆ ಹತ್ತು ಡಿಗ್ರಿ ತಂಪು, ಗಾಳಿಯಲ್ಲಿ ತೇವ. ಶಾಂಪೇನಿಗೆ ಅದಕ್ಕಿಂತ ಇನ್ನೇನು ಬೇಕು? 1868ರಲ್ಲಿ ಕೆಲಸ ಶುರುವಾಯಿತು. ಗಣಿ ಕೆಲಸದವರನ್ನು ಕರೆಸಿ ಗುಂಡಿಯಿಂದ ಗುಂಡಿಗೆ ಸುರಂಗ ಕೊರೆಸಿದರು. ಒಟ್ಟು ಹದಿನೆಂಟು ಕಿಲೋಮೀಟರ್. ಹತ್ತು ವರ್ಷ ಹಿಡಿಯಿತು. ನಡುವೆ 1870ರ ಯುದ್ಧ ಬಂತು, ಪ್ರಷ್ಯದ ಸೈನ್ಯ ರೀಮ್ಸನ್ನು ಹಿಡಿಯಿತು, ಹೋಯಿತು. ಸುರಂಗದ ಓಣಿಗಳಿಗೆ ಬಾಟಲಿ ಹೋಗುವ ಊರುಗಳ ಹೆಸರಿಟ್ಟರು: ಮ್ಯಾಂಚೆಸ್ಟರ್, ಲಿವರ್‌ಪೂಲ್, ಬ್ಯೂನಸ್ ಐರಿಸ್. ಮೇಲೆ ಕಟ್ಟಿಸಿದ ಕಟ್ಟಡಗಳು ಇಂಗ್ಲಿಷ್ ಜಮೀನುದಾರರ ಬಂಗಲೆಗಳ ಶೈಲಿಯವು. ಗಿರಾಕಿ ಯಾರು ಅನ್ನುವುದನ್ನು ಆಕೆ ಮರೆಯುತ್ತಿರಲಿಲ್ಲ.

ನನಗೆ ತುಂಬಾ ಇಷ್ಟವಾಗುವ ವಿಷಯ ಇಲ್ಲಿದೆ. 1880ರ ದಶಕದಲ್ಲಿ ಆಕೆ ಗುಸ್ತಾವ್ ನಾವ್ಲೆ ಅನ್ನುವ ಶಿಲ್ಪಿಯನ್ನು ಕರೆಸಿ ಆ ಪಾತಾಳದ ಗೋಡೆಗಳ ಮೇಲೆ ದೊಡ್ಡ ದೊಡ್ಡ ಉಬ್ಬುಶಿಲ್ಪ ಕೆತ್ತಿಸಿದರು. ಮದ್ಯದ ದೇವರು ಬ್ಯಾಕಸ್‌ನ ಹಬ್ಬ, ಕುಡಿದು ತೂರಾಡುವ ಅವನ ಜೊತೆಗಾರ ಸೈಲೀನಸ್, ಹದಿನೆಂಟನೇ ಶತಮಾನದ ಒಂದು ಶಾಂಪೇನ್ ಊಟ. ಸೀಮೆಸುಣ್ಣದ ಕಲ್ಲು ಮೆತ್ತಗೆ, ಉಳಿ ಸಲೀಸಾಗಿ ಇಳಿಯುತ್ತದೆ. ಆದರೆ ಬೆಳಕು? ದೀಪದ ಬೆಳಕಿನಲ್ಲೇ ಅವನು ಕೆಲಸ ಮಾಡಬೇಕಾಯಿತು. ಸುಮ್ನೆ ಯೋಚನೆ ಮಾಡಿ. 116 ಮೆಟ್ಟಿಲು ಇಳಿದರೆ ಸಿಗುವ ಗೋದಾಮು, ಅಲ್ಲಿ ಬಾಟಲಿ ತಿರುಗಿಸುವ ಕೆಲಸದವರು. ಅಂಥ ಜಾಗದಲ್ಲಿ ಶಿಲ್ಪ. ಬಂದ ಅತಿಥಿಗಳಿಗೆ ತೋರಿಸುವ ಉದ್ದೇಶವೂ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ತೋರಿಸುವುದಷ್ಟೇ ಬೇಕಿದ್ದರೆ ಮೇಲಿನ ಹಜಾರದಲ್ಲಿ ನಾಲ್ಕು ಚಿತ್ರ ತೂಗುಹಾಕಿದರೆ ಸಾಕಿತ್ತು.

ಆಕೆ ವ್ಯಾಪಾರದಲ್ಲಿ ಗಳಿಸಿ ಕಲೆಗೆ ದಾನ ಕೊಟ್ಟರು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಒಂದು ಕೈ ಗಳಿಸುವುದು, ಇನ್ನೊಂದು ಕೈ ಕೊಡುವುದು. ನನಗೆ ಹಾಗೆ ಕಾಣುವುದಿಲ್ಲ. ಮಾಗುವವರೆಗೆ ಬಳ್ಳಿಯಲ್ಲಿ ಬಿಟ್ಟ ದ್ರಾಕ್ಷಿ, ಹತ್ತು ವರ್ಷ ಕೊರೆಸಿದ ಸುರಂಗ, ಮೂರು ಲಕ್ಷದ ಚಿತ್ರ, ಎಲ್ಲದರ ಹಿಂದೆ ಒಂದೇ ಬುದ್ಧಿ ಇದೆ. ತಕ್ಷಣ ವಾಪಸ್ ಬಾರದ ಕಡೆ ದುಡ್ಡು ಹಾಕುವ ಎದೆಗಾರಿಕೆ. ಅದೂ ಎಲ್ಲರ ಕಣ್ಣೆದುರೇ. ಕೆಲಸಗಾರರಿಗೆ ಪಿಂಚಣಿ ಮತ್ತು ಆರೋಗ್ಯದ ನಿಧಿ ಮಾಡಿದ ಮೊದಮೊದಲ ಮಾಲೀಕರಲ್ಲಿ ಆಕೆಯೂ ಒಬ್ಬರು. ಅದೂ ಇದೇ ಲೆಕ್ಕಕ್ಕೆ ಬರುತ್ತದೆ.

ಈಗ 1889ಕ್ಕೆ ಬರೋಣ. ಮಿಲೆಯ ಇನ್ನೊಂದು ಚಿತ್ರ 'ಆಂಜೆಲಸ್'. ಹೊಲದಲ್ಲಿ ಸಂಜೆ ಗಂಟೆ ಕೇಳಿ ತಲೆ ಬಗ್ಗಿಸಿ ನಿಂತ ಗಂಡ ಹೆಂಡತಿ. ಅದೇ ವರ್ಷ ಜುಲೈನಲ್ಲಿ ಅದು ಹರಾಜಿಗೆ ಬಂತು. ಫ್ರೆಂಚ್ ಸರ್ಕಾರಕ್ಕಾಗಿ ಆಂಟೊನಿನ್ ಪ್ರೂಸ್ಟ್ ಅನ್ನುವ ರಾಜಕಾರಣಿ ಅಮೆರಿಕದವರ ವಿರುದ್ಧ ಕೂಗಿ ಕೂಗಿ 553,000 ಫ್ರಾಂಕಿಗೆ ಗೆದ್ದ. ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಆದರೆ ಸಂಸತ್ತು ದುಡ್ಡು ಕೊಡಲಿಲ್ಲ. ಚಿತ್ರ ಹಡಗು ಹತ್ತಿ ಅಮೆರಿಕಕ್ಕೆ ಹೋಯಿತು, ಅಲ್ಲಿ ಊರೂರು ಸುತ್ತಿತು. ಆಲ್ಫ್ರೆಡ್ ಶೋಶಾರ್ ಅನ್ನುವ ದೊಡ್ಡ ಅಂಗಡಿಯ ಮಾಲೀಕ ಮುಂದಿನ ವರ್ಷ ಏಳು ಲಕ್ಷಕ್ಕೂ ಜಾಸ್ತಿ ಕೊಟ್ಟು ಅದನ್ನು ವಾಪಸ್ ತರಿಸಬೇಕಾಯಿತು. ಫ್ರೆಂಚರಿಗೆ ಅದು ಮಾನ ಹೋದ ಪ್ರಸಂಗ.

ಮಿಲೆ ಚಿತ್ರಗಳ ಸುತ್ತ ಇಷ್ಟೆಲ್ಲಾ ಗಲಾಟೆ ಇದ್ದ ವರ್ಷದಲ್ಲೇ ಬ್ಯಾಂಕರ್ ಬಿಶೊಫ್‌ಶೈಮ್ ಅವರ ಹತ್ತಿರ ಇದ್ದ 'ಹಕ್ಕಲು ಆಯುವವರು' ಮಾರಾಟವಾಯಿತು. ಮೊದಲು ಹೇಳಿದೆನಲ್ಲ, ಕೊಂಡವರ ಹೆಸರು ಗುಟ್ಟಾಗಿತ್ತು. ಆ ಹೊತ್ತಿಗೆ ಪೊಮ್ಮರಿ ಮನೆಯ ಬಗ್ಗೆ ಒಂದು ಗುಸುಗುಸು ಓಡಾಡುತ್ತಿತ್ತು ಅಂತ ಹೇಳುತ್ತಾರೆ. ಬೇರೆಯವರೆಲ್ಲ ಕೊಯ್ಲು ಮುಗಿಸಿದರೂ ಈ ಹೆಂಗಸು ದ್ರಾಕ್ಷಿಯನ್ನು ವಾರಗಟ್ಟಲೆ ಬಳ್ಳಿಯಲ್ಲೇ ಬಿಟ್ಟಿದ್ದಾರೆ, ಕೈಯಲ್ಲಿ ದುಡ್ಡಿಲ್ಲ ಅಂತ ಕಾಣುತ್ತೆ, ಅಂತ. ಮೂರು ಲಕ್ಷದ ಚಿತ್ರ ಕೊಂಡದ್ದು ಗೊತ್ತಾದ ಮೇಲೆ ಆ ಬಾಯಿಗಳೆಲ್ಲ ಮುಚ್ಚಿದವು. ಹೀಗಾಗಿ ಇದು ಜಾಹೀರಾತು ಅಂತ ಮೂಗು ಮುರಿಯುವವರಿಗೂ ಒಂದು ಆಧಾರ ಇದೆ.

ಜಾಹೀರಾತು ಹೌದು ಅಂತಲೇ ಇಟ್ಟುಕೊಳ್ಳೋಣ. ಆದರೆ ಜಾಹೀರಾತಿಗೆ ಕೊಂಡವರು ಅದನ್ನು ತಮ್ಮ ದಿವಾನಖಾನೆಯಲ್ಲಿ ಇಟ್ಟುಕೊಳ್ಳುತ್ತಾರೆ, ಮೊಮ್ಮಕ್ಕಳಿಗೆ ಬಿಡುತ್ತಾರೆ. ಆಕೆ ದೇಶಕ್ಕೆ ಬರೆದುಕೊಟ್ಟರು. ಬದುಕಿರುವವರೆಗೆ ತಮ್ಮ ಹತ್ತಿರ, ಆಮೇಲೆ ಲೂವ್ರ್ ಮ್ಯೂಸಿಯಂಗೆ. ಬದುಕಿದ್ದದ್ದು ಜಾಸ್ತಿ ದಿನ ಅಲ್ಲ. 1890ರ ಮಾರ್ಚಿನಲ್ಲಿ, ಶಿನಿ ಅನ್ನುವ ಹಳ್ಳಿಯ ತಮ್ಮ ತೋಟದ ಮನೆಯಲ್ಲಿ ತೀರಿಕೊಂಡರು. ಅಲ್ಲಿ ಆಕೆ ಗುಲಾಬಿ ಬೆಳೆಸುತ್ತಿದ್ದರು. ಆ ನೆನಪಿಗೆ 1902ರಲ್ಲಿ ಹಳ್ಳಿಯ ಹೆಸರನ್ನೇ ಅಧಿಕೃತವಾಗಿ 'ಶಿನಿ-ಲೆ-ರೋಜ್' ಅಂತ ಮಾಡಿದರು.

ಆಕೆಯ ನಂತರದ ಕಥೆ ಬೇಗ ಹೇಳುತ್ತೇನೆ. ಮಗಳು ಪೊಲಿನ್ಯಾಕ್ ಮನೆತನದ ಗೀ ಅನ್ನುವವರನ್ನು ಮದುವೆಯಾಗಿದ್ದಳು, ಹಳೇ ಶ್ರೀಮಂತ ಕುಲ. ಮೊಮ್ಮಗ ಮೆಲ್ಕಿಯೋರ್ ರೀಮ್ಸ್‌ನಲ್ಲಿ ದೊಡ್ಡ ಉದ್ಯಾನ, ಆಟದ ಮೈದಾನ ಕಟ್ಟಿಸಿದ, ಒಲಿಂಪಿಕ್ ಸಮಿತಿಯ ಸದಸ್ಯನಾದ. ಆರಿ ವಾನಿಯೆ ನೆನಪಿದೆಯಲ್ಲ, ಆಫೀಸಿನ ಆ ಯುವಕ? ಅವನು ಪಾಲುದಾರನಾದ, ಆಕೆಯ ನಂತರ ವ್ಯಾಪಾರ ನಡೆಸಿದ. ಚಿತ್ರ ಸಂಗ್ರಹದ ಹುಚ್ಚು ಅವನಿಗೆ ಆಕೆಗಿಂತ ಜಾಸ್ತಿ. ಕೊರೋ, ದೋಮಿಯೆ, ಗೋಗ್ಯಾಂ ಎಲ್ಲರೂ ಅವನ ಗೋಡೆಯ ಮೇಲಿದ್ದರು. 1907ರಲ್ಲಿ ಸಾಯುವಾಗ ಎಲ್ಲವನ್ನೂ ರೀಮ್ಸ್ ನಗರದ ಮ್ಯೂಸಿಯಂಗೆ ಬಿಟ್ಟ. 1904ರ ಸೇಂಟ್ ಲೂಯಿಸ್ ಪ್ರದರ್ಶನಕ್ಕೆ ಅಂತ ಎಮಿಲ್ ಗಾಲೆ ಅನ್ನುವ ಕಲಾವಿದನ ಕೈಯಲ್ಲಿ ಕೆತ್ತನೆ ಮಾಡಿಸಿದ 75,000 ಲೀಟರಿನ ಓಕ್ ಪೀಪಾಯಿ ಈಗಲೂ ಪೊಮ್ಮರಿ ಕಟ್ಟಡದಲ್ಲಿದೆ. ಸಂಸ್ಥೆ ಆಮೇಲೆ ಹಲವು ಕೈ ಬದಲಾಗಿ 2002ರಲ್ಲಿ ವ್ರಾಂಕೆನ್ ಅನ್ನುವ ಶಾಂಪೇನ್ ಕಂಪನಿಯ ಕೈಗೆ ಬಂತು. ಆ ಸುರಂಗಗಳಲ್ಲಿ ಈಗ ಸಮಕಾಲೀನ ಕಲೆಯ ಪ್ರದರ್ಶನಗಳು ನಡೆಯುತ್ತವೆ. 2015ರಲ್ಲಿ ಯುನೆಸ್ಕೋ ಆ ಗುಡ್ಡವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು: "ಬಡ ಹೆಂಗಸರ ಚಿತ್ರವನ್ನು ಶಾಂಪೇನ್ ದುಡ್ಡಲ್ಲಿ ಕೊಳ್ಳುವುದು ಒಂಥರಾ ವಿಚಿತ್ರ ಅಲ್ವಾ ಸಾರ್? ದ್ರಾಕ್ಷಿ ಕೊಯ್ದವರೂ ಅಂಥವರೇ ತಾನೆ?"

ವಿಚಿತ್ರವೇ. ಅದನ್ನು ಸಮರ್ಥಿಸಲು ನಾನು ಹೋಗುವುದಿಲ್ಲ. ಶಾಂಪೇನ್ ಮನೆಗಳಿಗೂ ದ್ರಾಕ್ಷಿ ಬೆಳೆಗಾರರಿಗೂ ಎಂದೂ ಸರಿ ಇರಲಿಲ್ಲ. ಬೆಲೆ ಹೇಳುತ್ತಿದ್ದವರು ಮನೆಗಳವರು. ಆಕೆ ಸಾಯುವ ಹೊತ್ತಿಗೆ ಫಿಲಾಕ್ಸೆರಾ ಅನ್ನುವ ಬೇರು ತಿನ್ನುವ ಹುಳು ಆ ಸೀಮೆಗೆ ಕಾಲಿಡುತ್ತಿತ್ತು. ಆಮೇಲೆ ಕೆಟ್ಟ ಬೆಳೆಗಳು. ಜೊತೆಗೆ ಕೆಲವು ಮನೆಗಳು ಹೊರಗಿನಿಂದ ಅಗ್ಗದ ದ್ರಾಕ್ಷಿ ತಂದು ಶಾಂಪೇನ್ ಅಂತ ಮಾರಿದವು. 1911ರಲ್ಲಿ ಬೆಳೆಗಾರರು ಸಿಡಿದೆದ್ದರು. ಆಯಿ ಊರಿನಲ್ಲಿ ನೆಲಮಾಳಿಗೆಗಳಿಗೆ ನುಗ್ಗಿದರು, ಬೆಂಕಿ ಹಚ್ಚಿದರು, ವೈನ್ ಚರಂಡಿಯಲ್ಲಿ ಹರಿಯಿತು, ಸೈನ್ಯ ಬರಬೇಕಾಯಿತು. ಆಕೆ ಮಾಗಿದ ಹಣ್ಣು ಬೇಕು, ಕಾಯಿರಿ ಅಂದಾಗ ಮಳೆಯ ಭಯದಲ್ಲಿ ಆಕಾಶ ನೋಡುತ್ತಾ ಕೂತವರು ಈ ಬೆಳೆಗಾರರ ಅಪ್ಪಂದಿರೇ. ಆ ಚಿತ್ರದ ಎದುರು ನಿಂತಾಗ ಆಕೆಗೆ ಇದೆಲ್ಲ ಹೊಳೆದಿತ್ತಾ ಅಂತ ಕೇಳಿದರೆ, ಆಕೆ ಬರೆದಿಟ್ಟದ್ದರಲ್ಲಿ ನಾನು ಓದಿದ್ದರಲ್ಲಿ ಉತ್ತರ ಸಿಕ್ಕಿಲ್ಲ.

ಇನ್ನೊಬ್ಬರ ಪ್ರಶ್ನೆ: "ಚಿತ್ರ ಕೊಂಡು ಮ್ಯೂಸಿಯಂನಲ್ಲಿ ಇಡುವುದು ಸರ್ಕಾರದ ಕೆಲಸ. ಸಾಹುಕಾರರ ಮರ್ಜಿಗೆ ಯಾಕೆ ಕಾಯಬೇಕು?"

ಒಪ್ಪುತ್ತೇನೆ. ಆದರೆ ಅದೇ 1889–90ರಲ್ಲಿ ಆದ ಇನ್ನೊಂದು ವಿಷಯ ಕೇಳಿ. ಎಡ್ವರ್ ಮಾನೆ ಅನ್ನುವ ಚಿತ್ರಕಾರ ಬರೆದ 'ಒಲಿಂಪಿಯಾ' ಕೂಡ ಅಮೆರಿಕಕ್ಕೆ ಹೋಗುತ್ತದೆ ಅನ್ನುವ ಸುದ್ದಿ ಇತ್ತು. ಇನ್ನೊಬ್ಬ ಚಿತ್ರಕಾರ ಕ್ಲೋದ್ ಮೋನೆ ಗೆಳೆಯರಿಗೆಲ್ಲ ಕಾಗದ ಬರೆದು, ಚಂದಾ ಎತ್ತಿ, ಸುಮಾರು ಇಪ್ಪತ್ತು ಸಾವಿರ ಫ್ರಾಂಕ್ ಕೂಡಿಸಿದ. ಮಾನೆಯ ಹೆಂಡತಿಯಿಂದ ಕೊಂಡು ಸರ್ಕಾರಕ್ಕೆ ಪುಕ್ಕಟೆ ಕೊಟ್ಟ. ಪುಕ್ಕಟೆ ಕೊಟ್ಟರೂ ಸರ್ಕಾರ ಹಿಂದೆ ಮುಂದೆ ನೋಡಿತು. 1890ರಲ್ಲಿ ಪ್ಯಾರಿಸಿನ ಲಕ್ಸಂಬರ್ಗ್ ಮ್ಯೂಸಿಯಂನಲ್ಲಿ ಜಾಗ ಕೊಟ್ಟರು, ಲೂವ್ರ್‌ಗೆ ಬರಲು 1907 ಆಗಬೇಕಾಯಿತು. ಮದಾಂ ಪೊಮ್ಮರಿಯ ಚಿತ್ರಕ್ಕೆ ಅಂಥ ತಕರಾರು ಆಗಲಿಲ್ಲ. ಮಿಲೆ ಸತ್ತು ಹದಿನೈದು ವರ್ಷ ಆಗಿತ್ತು, ಎಲ್ಲರೂ ಅವನನ್ನು ಒಪ್ಪಿಯಾಗಿತ್ತು, ಬೆಲೆಯೂ ನೂರು ಪಟ್ಟಾಗಿತ್ತು. ಧೈರ್ಯದ ಲೆಕ್ಕ ಹಾಕಿದರೆ ಮೋನೆಯ ಇಪ್ಪತ್ತು ಸಾವಿರಕ್ಕೆ ನಾನು ಜಾಸ್ತಿ ಅಂಕ ಕೊಡುತ್ತೇನೆ. ಎರಡು ಚಿತ್ರವೂ ಈಗ ಪ್ಯಾರಿಸಿನ ಓರ್ಸೆ ಮ್ಯೂಸಿಯಂನಲ್ಲಿವೆ. 'ಆಂಜೆಲಸ್' ಕೂಡ ಅಲ್ಲೇ ಸೇರಿದೆ, ಅದು ಶೋಶಾರ್ ಬಿಟ್ಟುಹೋದದ್ದು.